ಕೆಂಪು ದಾರದ ಚೀಲ

ಸ್ಕಾರ್ವಿಕ್ ಎಂಬ ಕಡಲೂರಿನ ಜನಕ್ಕೆ ಒಂದು ಕಾಯಿಲೆಯಿದೆ. ಬೋರ್ಗಿಲ್ಡಳ ಲಾಂಚು ಹೊರಗಡಲಿನಿಂದ ನೌಕಾಪಡೆಯ ಒಬ್ಬ ಅಧಿಕಾರಿಯನ್ನೂ ಒಂದು ಚೀಲವನ್ನೂ ಹೊತ್ತು ದೋಣಿ ಕಟ್ಟುವ ಧಕ್ಕೆಗೆ ಬರುವ ಹೊತ್ತಿಗೆ ಊರಿಗೆ ಊರೇ ಕುರುಡಾಗುತ್ತದೆ. ಬಲೆ ಸರಿಮಾಡುತ್ತಿದ್ದವರು ಬಲೆಯೊಳಗೇ ತಲೆ ಹುದುಗಿಸುತ್ತಾರೆ. ಅಂಗಡಿಯ ಲಾವ್ರಿಟ್ಸ್ ಕಿಟಕಿಗೆ ಬೆನ್ನು ಹಾಕಿ, ಜೋಡಿಸಿಟ್ಟ ಡಬ್ಬಿಗಳನ್ನೇ ಮತ್ತೆ ಜೋಡಿಸುತ್ತಾನೆ. ನಾಯಿ ಅಡ್ಡಾಡಿಸಲು ಬಂದ ಮುದುಕಿಯರು ನಾಯಿಯನ್ನು ದರದರ ಎಳೆದುಕೊಂಡು ಚರ್ಚಿನ ಹಿಂದೆ ಮರೆಯಾಗುತ್ತಾರೆ. ಬಂದವನು ಮೆಟ್ಟಿಲು ಹತ್ತಿ, ಕಾಯುತ್ತಿರುವ ಕಾರಿನಲ್ಲಿ ಕೂತು, ತಿರುವು ದಾಟಿದನೋ ಇಲ್ಲವೋ, ಎಲ್ಲರಿಗೂ ಕಣ್ಣು ಬರುತ್ತದೆ. ಬಾಯಿಯೂ ಬರುತ್ತದೆ. 'ಪಾಪ, ಎಷ್ಟು ಚಿಕ್ಕವನು' ಎಂದು ಶುರುವಾದದ್ದು ಸಂಜೆಯ ಕಾಫಿಯವರೆಗೂ ಎಳೆಯುತ್ತದೆ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಸೋತು ಬರುವವನ ಮುಖ ನೋಡುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ಊರು ತಾನೇ ತೀರ್ಮಾನಿಸಿಕೊಂಡಿದೆ, ಅಷ್ಟೆ.

ಸಬ್‌ಮರೀನಿಗೆ ಕ್ಯಾಪ್ಟನ್ ಆಗುವುದೆಂದರೆ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುವ ವ್ಯವಹಾರವಲ್ಲ. ವರ್ಷಗಟ್ಟಲೆ ನೀರಿನಡಿ ದುಡಿದ ಅಧಿಕಾರಿಗಳಲ್ಲಿ ನಾಲ್ಕೈದು ಮಂದಿಯನ್ನು ಆರಿಸಿ, ಒಂದೇ ಸಬ್‌ಮರೀನಿಗೆ ತುಂಬಿ, ಒಬ್ಬ ಮೇಷ್ಟರ ಕೈಗೆ ಒಪ್ಪಿಸುತ್ತಾರೆ. ಅವರೂ ಹಳೆಯ ಕ್ಯಾಪ್ಟನ್ನೇ. ಆದರೆ ಅಲ್ಲಿ ಎಲ್ಲರೂ ಅವರನ್ನು ಮೇಷ್ಟ್ರೇ ಎಂದು ಕರೆಯುವುದು. ಕಲಿಯುವವರು ಸರದಿಯ ಮೇಲೆ ಕ್ಯಾಪ್ಟನ್. ಮೇಲಿನಿಂದ ಯುದ್ಧನೌಕೆಗಳು ನಿಜವಾಗಿಯೂ ಮೈಮೇಲೆ ಬರುತ್ತವೆ. ಮೇಷ್ಟ್ರು ಬೆನ್ನ ಹಿಂದೆ ನಿಂತಿರುತ್ತಾರೆ. ಹೊಗಳುವುದೂ ಇಲ್ಲ, ಬೈಯುವುದೂ ಇಲ್ಲ. ಯಾವುದೋ ಒಂದು ದಿನ ಒಬ್ಬರ ಹೆಗಲ ಮೇಲೆ ಕೈಯಿಟ್ಟು ತಮ್ಮ ಕೋಣೆಗೆ ಕರೆಯುತ್ತಾರೆ. ಒಳಗೆ ಆ ಮಾತು ಮುಗಿಯುವಷ್ಟರಲ್ಲಿ ಹೊರಗೆ ಊಟ ಬಡಿಸುವವನು ಆ ಅಧಿಕಾರಿಯ ಬಟ್ಟೆಬರೆಯನ್ನು ಚೀಲಕ್ಕೆ ತುಂಬಿ ಮುಗಿಸಿರುತ್ತಾನೆ. ಸಬ್‌ಮರೀನು ಮೇಲೇಳುತ್ತದೆ. ಪಕ್ಕದಲ್ಲಿ ಬೋರ್ಗಿಲ್ಡ್ ಕಾಯುತ್ತಿರುತ್ತಾಳೆ. ಮೊದಲು ಚೀಲ ಇಳಿಯುತ್ತದೆ, ಆಮೇಲೆ ಸಮಾಧಾನಕ್ಕೆಂದು ಒಂದು ವಿಸ್ಕಿ ಬಾಟಲಿ, ಆಮೇಲೆ ಮನುಷ್ಯ. ಇಳಿದರೆ ಮುಗಿಯಿತು. ಎರಡನೆಯ ಅವಕಾಶವಿಲ್ಲ. ಆತ ಇನ್ನು ಜನ್ಮದಲ್ಲಿ ಸಬ್‌ಮರೀನಿನಲ್ಲಿ ಕೆಲಸ ಮಾಡುವಂತಿಲ್ಲ.

ಇಂಥವರನ್ನು ದಡ ಸೇರಿಸುವ ಕೆಲಸ ಬೋರ್ಗಿಲ್ಡಳದು. ಬರೀ ಇದೇ ಅಲ್ಲ. ಟಪಾಲು, ತರಕಾರಿ, ಹಲ್ಲುನೋವಿನ ನಾವಿಕರು, ಎಲ್ಲವನ್ನೂ ಅವಳೇ ಸಾಗಿಸುತ್ತಾಳೆ. ಆದರೆ ಊರಿನಲ್ಲಿ ಅವಳಿಗೆ ಹೆಸರು ಬಂದದ್ದು ಇದರಿಂದ. ಲಾಂಚಿನ ಹೆಸರು 'ತೆರ್ನಾ'. ಚುಕ್ಕಾಣಿ ಕೋಣೆಯಲ್ಲಿ ಒಂದು ಬೆಂಚಿದೆ. ಅದರಲ್ಲಿ ಕೂತರೆ ಮುಖ ದಡದ ಕಡೆಗಿರುತ್ತದೆ; ಸಬ್‌ಮರೀನು ಮತ್ತೆ ಮುಳುಗುವುದು ಕಾಣುವುದಿಲ್ಲ. ಬೋರ್ಗಿಲ್ಡ್ ಅವರನ್ನು ಅಲ್ಲಿ ಕೂರಿಸಿ, ಕಾಫಿ ಕೊಟ್ಟು, ಬೇಯಿಸಿದ ಮೊಟ್ಟೆ ಕೊಟ್ಟು, ಬಾಯಿಗೆ ಬೀಗ ಹಾಕಿಕೊಳ್ಳುತ್ತಾಳೆ. ಏನೂ ಕೇಳುವುದಿಲ್ಲ. ಎಷ್ಟೋ ಜನ ಆ ಬಾಟಲಿಯನ್ನು ಬೇಕೆಂದೇ ಮರೆತು ಹೋಗುತ್ತಾರೆ. ಅದನ್ನೂ ಅವಳು ಜ್ಞಾಪಿಸುವುದಿಲ್ಲ.

ಮೊಟ್ಟೆಗೂ ಒಂದು ಕತೆಯಿದೆ. ಲಾಂಚು ಅವಳ ಅಪ್ಪನದು. ವಯಸ್ಸಾದಾಗ ಮಗನಿಗೆ ಕೊಡಬೇಕೋ ಮಗಳಿಗೆ ಕೊಡಬೇಕೋ ಎಂಬ ಪ್ರಶ್ನೆ ಬಂತು. ಊರಿನವರಿಗೆ ಅದು ಪ್ರಶ್ನೆಯೇ ಅಲ್ಲ. ಮಗ ಇರುವಾಗ ಮಗಳಿಗೆ ಯಾರು ಕೊಡುತ್ತಾರೆ? ಅಪ್ಪ ಮಾತ್ರ ಹಟಮಾರಿ. "ನಾಳೆ ಲಾಂಚಿನ ಮೂತಿಯ ಹತ್ರ ಒಂದೊಂದು ಬುಟ್ಟಿ ಮೊಟ್ಟೆ ಇಡ್ತೀನಿ. ಈ ಗಾಳೀಲಿ ಲಾಂಚನ್ನ ಧಕ್ಕೆಗೆ ತಾಗಿಸ್ಬೇಕು. ಯಾರ ಬುಟ್ಟೀಲಿ ಕಮ್ಮಿ ಒಡೆಯುತ್ತೋ ಅವರದ್ದು ದೋಣಿ" ಎಂದ. ಅಣ್ಣ ತಂದಾಗ ಅರ್ಧ ಬುಟ್ಟಿ ಲೋಳೆಯಾಗಿತ್ತು. ಬೋರ್ಗಿಲ್ಡ್ ತಂದಾಗ ಧಕ್ಕೆಗೆ ಎಷ್ಟು ಜೋರಾಗಿ ಗುದ್ದಿದಳೆಂದರೆ ನೋಡುತ್ತಿದ್ದ ಲಾವ್ರಿಟ್ಸನ ಟೋಪಿ ನೀರಿಗೆ ಬಿತ್ತು. ಆದರೆ ಬುಟ್ಟಿಯಲ್ಲಿ ಒಂದು ಹನಿ ಲೋಳೆಯಿಲ್ಲ. ಅಪ್ಪ ಒಂದು ಮೊಟ್ಟೆ ಎತ್ತಿ ಮೂಸಿದ, ಸಿಪ್ಪೆ ಸುಲಿದ, ಅಲ್ಲೇ ನಿಂತು ತಿಂದ. ರಾತ್ರಿಯೇ ಬೇಯಿಸಿಟ್ಟಿದ್ದಳು ಕಳ್ಳಿ.

"ಕಡಲಲ್ಲಿ ಹೋಗೋಳು ಮನೇಲೇ ಯೋಚನೆ ಮಾಡಿ ಹೊರಟಿದ್ದಾಳೆ. ದೋಣಿ ಅವಳಿಗೆ" ಎಂದ ಅಪ್ಪ. ಅಣ್ಣ ಎರಡು ವರ್ಷ ಮಾತು ಬಿಟ್ಟ. ದೋಣಿ ನಡೆಸುವುದನ್ನು ಅವಳು ನಿಜವಾಗಿ ಕಲಿತದ್ದು ಅದಾದ ಮೇಲೆ, ಚೆನ್ನಾಗಿಯೇ ಕಲಿತಳು.

ಗಂಡ ಓಡ್ವರ್ ಶಾಲೆಯ ಬಸ್ಸು ಓಡಿಸುತ್ತಾನೆ. ಧಕ್ಕೆಯ ಮೇಲೆ ನಿಂತರೂ ವಾಂತಿ ಬರುವ ಜಾತಿ. ಅಂಥವನಿಗೆ ಇಂಥ ಹೆಂಡತಿ ಸಿಕ್ಕಿದ್ದೇ ದೊಡ್ಡದು; ಮಗಳೂ ಕಡಲಿನ ಅಡಿಗೇ ಹೋಗಿ ಕೂತದ್ದು ಅವನ ಹಣೆಬರಹ.

ಅದಕ್ಕೆ ಕಾರಣ ಹೆರ್ಡಿಸ್ ಎಂದು ಓಡ್ವರನ ದೂರು. ಹೆರ್ಡಿಸ್ ನೆಸ್ಸೆ ಬೋರ್ಗಿಲ್ಡ್ ದಡ ಸೇರಿಸಿದ ಮೊದಲನೆಯ ಹೆಂಗಸು. ಇಪ್ಪತ್ತು ವರ್ಷದ ಮೇಲಾಯಿತು. ಶಾಲೆಗೆ ರಜೆಯಿದ್ದ ದಿನ. ಮಗಳು, ಪುಟ್ಟ ಸುನ್ನಿವ, ಲಾಂಚಿನಲ್ಲಿದ್ದಳು. ಎತ್ತರದ ಹೆಂಗಸೊಬ್ಬಳು ಚೀಲ ಹಿಡಿದು ಬಂದು, ಬೆಂಚಿನಲ್ಲಿ ಕೂತು, ಕೈಗವಸನ್ನು ಒಂದೊಂದೇ ಬೆರಳಿನಿಂದ ಎಳೆದು ತೆಗೆದು, ಮತ್ತೆ ಹಾಕಿಕೊಂಡು, ಮತ್ತೆ ತೆಗೆದಳು. ಅಮ್ಮನ ಕಾಯಿದೆ ಮಗಳಿಗೆ ಎಲ್ಲಿ ಗೊತ್ತು?

"ನೀನು ಅಳ್ತಾ ಇದೀಯಾ?" ಎಂದು ಕೇಳಿಯೇಬಿಟ್ಟಳು.

"ಇನ್ನೂ ಇಲ್ಲ" ಎಂದಳು ಹೆರ್ಡಿಸ್.

"ಕೆಳಗೆ ಹೆದರಿಕೆ ಆಯ್ತಾ?"

"ಇಲ್ಲ. ಕೆಳಗೆ ತುಂಬ ಚೆನ್ನಾಗಿತ್ತು."

ಸುನ್ನಿವ ತನ್ನ ಕೈಯಲ್ಲಿದ್ದ ಅರ್ಧ ಮೊಟ್ಟೆ ಅವಳಿಗೆ ಕೊಟ್ಟಳು. ಆಗ ಹೆರ್ಡಿಸ್ ಅತ್ತಳು, ಮೊಟ್ಟೆ ತಿನ್ನುತ್ತಲೇ. ಬೋರ್ಗಿಲ್ಡ್ ಚುಕ್ಕಾಣಿ ಹಿಡಿದು ನೇರ ಮುಂದೆ ನೋಡುತ್ತಿದ್ದಳು. ಮಗಳ ಕಿವಿ ಹಿಂಡಬೇಕೆಂದು ಅಂದುಕೊಂಡವಳು ದಡ ಸೇರುವಷ್ಟರಲ್ಲಿ ಆ ಯೋಚನೆ ಬಿಟ್ಟಳು. ಅಂದು ಸಂಜೆ ಸುನ್ನಿವ ತಾನು ಸಬ್‌ಮರೀನಿಗೆ ಹೋಗುತ್ತೇನೆಂದಳು. ನಾಳೆ ಬಸ್ಸು ಓಡಿಸುತ್ತೇನೆ ಅನ್ನುತ್ತಾಳೆ ಬಿಡು ಎಂದ ಓಡ್ವರ್. ಆ ನಾಳೆ ಬರಲೇ ಇಲ್ಲ.

ಹೆರ್ಡಿಸ್ ಸುಮ್ಮನೆ ಕೂರುವ ಹೆಂಗಸಾಗಿರಲಿಲ್ಲ. ನೀರಿನಡಿಯ ಬಾಗಿಲು ಮುಚ್ಚಿತಲ್ಲ, ನೀರಿನ ಮೇಲಿನ ಹಡಗುಗಳಿಗೆ ಹೋದಳು. ಆಗಾಗ ಪೇಪರಿನಲ್ಲಿ ಅವಳ ಚಿತ್ರ ಬರುತ್ತಿತ್ತು. ಒಂದೊಂದು ಚಿತ್ರದಲ್ಲಿ ತೋಳಿನ ಮೇಲೆ ಒಂದೊಂದು ಚಿನ್ನದ ಪಟ್ಟಿ ಜಾಸ್ತಿ. ಕಡೆಗೆ ಕಮೋಡೋರ್ ಆಗಿ ಪಶ್ಚಿಮ ಕರಾವಳಿಯ ಇಡೀ ನೌಕಾಬಲವೇ ಅವಳ ಕೈಕೆಳಗೆ ಬಂತು. "ನಮ್ಮ ಲಾಂಚಲ್ಲಿ ಅತ್ತಿದ್ದಳು ನೋಡು" ಎಂದು ಓಡ್ವರ್ ಯಾರಿಗೋ ಹೇಳಲು ಹೋಗಿ ಹೆಂಡತಿಯಿಂದ ಎರಡು ದಿನ ಊಟದ ಹೊತ್ತಿನಲ್ಲಿ ಮೌನ ತಿಂದ.

ಈ ವರ್ಷ ಮೇಷ್ಟರ ತರಬೇತಿಗೆ ಸುನ್ನಿವಳ ಹೆಸರು ಬಂತು. ಐವರಲ್ಲಿ ಅವಳೊಬ್ಬಳೇ ಹೆಂಗಸು. ಚೀಲ ಹೊಲಿದು ಕೊಟ್ಟವಳು ಬೋರ್ಗಿಲ್ಡ್ ಅಲ್ಲ, ಸರಕಾರ. ಎಲ್ಲರಿಗೂ ಒಂದೇ ಥರದ ನೀಲಿ ಚೀಲ. ಗುರುತಿಗಿರಲಿ ಎಂದು ಹಿಡಿಕೆಗೆ ಕೆಂಪು ಉಣ್ಣೆಯ ದಾರ ಸುತ್ತಿ, ತಾನು ಹಗ್ಗಕ್ಕೆ ಹಾಕುವ ಗಂಟನ್ನೇ ಹಾಕಿ ಕಳಿಸಿದಳು.

"ಸೋತು ಬಂದ್ರೆ ಒಳ್ಳೇದೇ ಆಯ್ತು. ನೆಲದ ಮೇಲೆ ಏನಾದ್ರೂ ನೋಡ್ಕೊಂಡ್ರೆ ಆಯ್ತು" ಎಂದ ಓಡ್ವರ್, ಅವಳು ಹೋದ ರಾತ್ರಿ.

"ನನಗೂ ಹಾಗೇ" ಎಂದಳು ಬೋರ್ಗಿಲ್ಡ್. ನಿಜವೆಂದೇ ನಂಬಿದ್ದಳು.

ಈಸ್ಟರ್ ಹತ್ತಿರ ಬಂದಿತ್ತು. ಲಾವ್ರಿಟ್ಸನ ಅಂಗಡಿಯ ಮುಂದೆ ಹಬ್ಬದ ಕಿತ್ತಳೆ ರಾಶಿ ಬಿದ್ದಿತ್ತು. ಒಂದು ಬೆಳಿಗ್ಗೆ, ಆಲಿಕಲ್ಲೋ ಮಳೆಯೋ ತಿಳಿಯದ ಹಾಗೆ ಸುರಿಯುತ್ತಿದ್ದಾಗ, ನೌಕಾನೆಲೆಯಿಂದ ಫೋನು ಬಂತು. ಆ ದಿನದ ಕರ್ತವ್ಯದ ಅಧಿಕಾರಿ, ಎಳೆ ದನಿ.

"ಬೋರ್ಗಿಲ್ಡ್, ಒಬ್ಬರನ್ನ ಕರ್ಕೊಂಡು ಬರ್ಬೇಕಿತ್ತು. ದೀಪಸ್ತಂಭದ ಪಶ್ಚಿಮಕ್ಕೆ."

"ಬರ್ತೀನಿ."

ಅವನು ಫೋನಿಡಲಿಲ್ಲ. "ನಿಮಗೆ ಕಷ್ಟ ಆಗೋ ಹಾಗಿದ್ರೆ ಬೇರೆ ದೋಣಿ ಕಳಿಸ್ಲಾ?"

ಇಷ್ಟು ವರ್ಷದಲ್ಲಿ ಯಾರಾದರೂ ಹಾಗೆ ಕೇಳಿದ್ದುಂಟೇ? ಯಾರು ಇಳಿಯುತ್ತಾರೆಂದು ಮೊದಲೇ ಹೆಸರು ಹೇಳುವ ಪದ್ಧತಿಯಿಲ್ಲ. ಹೆಸರು ಹೇಳದೆ ಇದಕ್ಕಿಂತ ಸ್ಪಷ್ಟವಾಗಿ ಹೇಳುವುದಾದರೂ ಹೇಗೆ?

"ನನಗ್ಯಾಕಪ್ಪಾ ಕಷ್ಟ? ಎಂಜಿನ್ನು ಸರಿಯಾಗೇ ಇದೆ" ಎಂದಳು.

ಲಾಂಚು ಬಂಡೆಗಳನ್ನು ದಾಟಿ ಹೊರಗಡಲಿಗೆ ಬರುವಷ್ಟರಲ್ಲಿ ಅವಳಿಗೆ ಒಂದು ವಿಷಯ ಖಾತ್ರಿಯಾಗಿತ್ತು. ಓಡ್ವರನಿಗೆ ಹೇಳಿದ್ದು ಹಸಿ ಸುಳ್ಳು. ಮಗಳು ಸೋಲುವುದು ಅವಳಿಗೆ ಬೇಕಿರಲಿಲ್ಲ. ಚೂರೂ ಬೇಕಿರಲಿಲ್ಲ. ಕಡಲಿನಡಿ ಮಗಳಿಗೆ ಏನಾದರೂ ಆದೀತೆಂಬ ಹೆದರಿಕೆ ಎಂದಿನಂತೆ ಇದ್ದೇ ಇತ್ತು. ಆದರೆ ಆ ಹುಡುಗಿ ಬೆಂಚಿನಲ್ಲಿ ಕೂತು ಕೈಗವಸು ಹಾಕಿ ತೆಗೆದು ಮಾಡುವುದನ್ನು ನೋಡಬೇಕಾಗುತ್ತದಲ್ಲ ಎಂಬುದು ಅದಕ್ಕಿಂತ ದೊಡ್ಡದಾಗಿ ಕೂತಿತು. ಏನು ಹೇಳುವುದು? ಎಲ್ಲರಿಗೂ ಏನೂ ಹೇಳದೆ ಇದ್ದವಳು ಮಗಳಿಗೆ ಹೇಳುವುದೇ? ಹೇಳದಿದ್ದರೆ ತಾಯಿಯೇ? ಕಾಫಿ ಕೊಡಲು ಮರೆಯಬಾರದು ಎಂದುಕೊಂಡಳು. ಮರೆಯುವ ಪೈಕಿಯಲ್ಲ, ಆದರೂ ಅದನ್ನೇ ಮತ್ತೆ ಮತ್ತೆ ಅಂದುಕೊಂಡಳು.

ಸಬ್‌ಮರೀನು ಮೇಲೆದ್ದು ಕಾಯುತ್ತಿತ್ತು. ಕಪ್ಪು ಬೆನ್ನಿನ ಮೇಲೆ ನೀರು ಹರಿದು ಇಳಿಯುತ್ತಿತ್ತು. ಬೋರ್ಗಿಲ್ಡ್ ಲಾಂಚನ್ನು ಅಲೆಯ ಮರೆಗೆ ತಂದು ನಿಲ್ಲಿಸಿದಳು. ಡೆಕ್ಕಿನ ಮುಚ್ಚಳ ತೆರೆದು ನಾವಿಕನೊಬ್ಬ ಬಂದ, ಚೀಲವನ್ನು ಎತ್ತಿ ಡೆಕ್ಕಿನ ಮೇಲಿಟ್ಟ.

ಹಿಡಿಕೆಗೆ ಕೆಂಪು ದಾರ ಸುತ್ತಿತ್ತು.

ಅವಳು ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ಲಾಂಚು ತಾಗುತ್ತದೆ. ಎರಡೂ ಕೈ ಚುಕ್ಕಾಣಿಯ ಮೇಲಿತ್ತು. ಚೀಲ ಇಳಿಯಿತು. ಬಾಟಲಿ ಇಳಿಯಿತು. ಆಮೇಲೆ ಸಬ್‌ಮರೀನಿನ ಗೋಪುರದ ಮರೆಯಿಂದ ಒಂದು ಬೂಟು ಬಂತು. ದೊಡ್ಡ ಬೂಟು. ಅದರ ಮೇಲೆ ಉದ್ದನೆಯ ಕಾಲು, ಅದರ ಮೇಲೆ ಕೆಂಚು ಗಡ್ಡದ ಒಬ್ಬ ದಡೂತಿ ಗಂಡಸು.

"ಸದ್ಯ!" ಎಂದಳು ಬೋರ್ಗಿಲ್ಡ್.

ಮನಸ್ಸಿನಲ್ಲಿ ಅಂದಿದ್ದರೆ ಆಗುತ್ತಿತ್ತು. ಅವಳು ಕೂಗಿದ್ದಳು. ಎಂಜಿನ್ನಿನ ಸದ್ದನ್ನೂ ಮೀರಿ ಕೇಳಿಸುವ ಹಾಗೆ, ನಗುತ್ತಾ, ಆ ಬಡಪಾಯಿಯ ಮುಖಕ್ಕೇ.

ಅವನು ಲಾಂಚಿಗೆ ಇಳಿದು, ಅವಳು ತೋರಿಸಿದ ಬೆಂಚಿನಲ್ಲಿ ಕೂತ. ಬೋರ್ಗಿಲ್ಡ್ ಲಾಂಚಿನ ಮೂತಿ ತಿರುಗಿಸಿ ದಡದ ಕಡೆ ಹೊರಟಳು. ಕಿವಿಯವರೆಗೂ ಕೆಂಪಾಗಿದ್ದಳು. ಅಷ್ಟು ವರ್ಷ ಕಾಪಾಡಿಕೊಂಡು ಬಂದದ್ದನ್ನು ಒಂದೇ ಉಸಿರಿನಲ್ಲಿ ಕಡಲಿಗೆ ಹಾಕಿದ್ದಳು. ಆದರೂ ಒಳಗೆ ಹೋದ ಜೀವ ಬಂದಂತಾಗಿತ್ತು. ಅದನ್ನು ಅದುಮಲು ಆಗುತ್ತಿರಲಿಲ್ಲ. ನಾಚಿಕೆಯಾಗುತ್ತಿತ್ತು, ನಗುವೂ ಬರುತ್ತಿತ್ತು. ಫೋನಿನ ಹುಡುಗ ಕಷ್ಟ ಅಂದದ್ದು ಬರೀ ಈ ಆಲಿಕಲ್ಲು ಮಳೆಗೆ ಇರಬೇಕು.

"ನೀವು ಸುನ್ನಿವಳ ಅಮ್ಮ" ಎಂದ ಅವನು. ಪ್ರಶ್ನೆಯಾಗಿರಲಿಲ್ಲ.

"ಹೌದು. ನೋಡು ಮಾರಾಯ, ನಾನು ಹಾಗೆ ಅನ್ನಬಾರದಿತ್ತು. ನಿನ್ನ ನೋಡಿ ಅಲ್ಲ ಅದು. ಅಂದ್ರೆ, ನಿನ್ನ ನೋಡೇ. ಆದ್ರೆ..."

"ಗೊತ್ತಾಯ್ತು ಬಿಡಿ. ಚೀಲ ನೋಡಿದ್ರಿ." ಅವನು ಹಣೆ ಚಚ್ಚಿಕೊಂಡ. "ಅಯ್ಯೋ ದೇವರೇ! ನನ್ನ ಚೀಲಕ್ಕೆ ಎಣ್ಣೆ ಸುರಿದು ಹಾಳಾಗೋಯ್ತು. ಸುನ್ನಿವ ತನ್ನದು ಖಾಲಿ ಮಾಡಿ ಕೊಟ್ಳು. 'ದಡಕ್ಕೆ ಹೋಗುವಾಗ ನೆಟ್ಟಗಿರೋ ಚೀಲ ಇರ್ಲಿ, ಅಮ್ಮ ಬರ್ತಾಳೆ, ಅವಳ ಹತ್ರಾನೇ ಬಿಟ್ಟು ಹೋಗು' ಅಂದ್ಳು. ನಿಮಗೆ ಹೀಗನ್ನಿಸುತ್ತೆ ಅಂತ ನಮ್ಮಿಬ್ಬರಿಗೂ ಹೊಳೀಲೇ ಇಲ್ಲ."

"ನಾಲ್ಕು ಹಡಗು ಎಲ್ಲಿವೆ ಅಂತ ತಲೇಲಿ ಇಟ್ಕೋತೀರಂತೆ, ಒಬ್ಬಳು ಅಮ್ಮ ಎಲ್ಲಿರ್ತಾಳೆ ಅಂತ ಗೊತ್ತಾಗ್ಲಿಲ್ವಾ?"

ಅವನು ನಕ್ಕ. ಹೆಸರು ಯೂಸ್ಟೈನ್, ಒಳನಾಡಿನ ಕಾಡಿನ ಕಡೆಯವನು, ಅಪ್ಪ ಮರ ಕಡಿಸುವವ. ಎರಡು ಮೊಟ್ಟೆ ತಿಂದ, ಮೂರನೆಯದಕ್ಕೆ ಕೈ ಹಾಕಿದ. ಅವಳು ಏನೂ ಕೇಳಲಿಲ್ಲ. ಅವನೇ ಮಾತಾಡಿದ.

"ಪೆರಿಸ್ಕೋಪು ಎತ್ತಿ ಒಂದು ಸಲ ಸುತ್ತ ನೋಡ್ಬೇಕು, ಇಳಿಸ್ಬೇಕು. ಆಮೇಲೆ ಎಲ್ಲಾ ತಲೇಲೇ. ಯಾವ ಹಡಗು ಎಷ್ಟು ದೂರ, ಯಾವುದು ಮೊದಲು ಮೇಲೆ ಬರುತ್ತೆ, ಯಾವಾಗ ಆಳಕ್ಕೆ ಹೋಗ್ಬೇಕು. ನನ್ನ ಲೆಕ್ಕ ಸರಿಯಾಗೇ ಇರ್ತಿತ್ತು. ನನಗೇ ನಂಬಿಕೆ ಬರ್ತಿರ್ಲಿಲ್ಲ. ಇನ್ನೊಂದು ಸಲ ನೋಡ್ಬಿಡೋಣ ಅನ್ಸೋದು. ನೋಡೋಷ್ಟರಲ್ಲಿ ತಡ ಆಗೋದು. ಮೇಷ್ಟ್ರೇ ಕೂಗಿ ಕೆಳಗಿಳಿಸೋರು. ಇವತ್ತು ಬೆಳಿಗ್ಗೆ ಮತ್ತೆ ಕೂಗಿದ್ರು. ಆ ಕೂಗು ಕೇಳಿದಾಗ ನಾನೂ ನೀವು ಅಂದದ್ದನ್ನೇ ಅಂದ್ಕೊಂಡೆ."

"ಏನಂತ?"

"ಸದ್ಯ, ಅಂತ." ಕಿಟಕಿಯಾಚೆ ದಡ ದೊಡ್ಡದಾಗುತ್ತಿತ್ತು. "ನಲವತ್ತು ಜನ ನನ್ನ ಲೆಕ್ಕದ ಮೇಲೆ ಉಸಿರಾಡ್ತಿದ್ರು. ಈಗ ನನ್ನದು ನಾನು ಉಸಿರಾಡಿದ್ರೆ ಸಾಕು. ನಾಳೆ ಅಳ್ತೀನೇನೋ. ಇವತ್ತು ಮೊಟ್ಟೆ ಚೆನ್ನಾಗಿದೆ."

ಧಕ್ಕೆಯಲ್ಲಿ ಊರು ಕುರುಡಾಗಿತ್ತು. ಬೋರ್ಗಿಲ್ಡ್ ಓಡ್ವರನ ಹಳೆಯ ಬೆನ್ನುಚೀಲ ತೆಗೆದು ಅವನ ಬಟ್ಟೆಯನ್ನೆಲ್ಲ ಅದಕ್ಕೆ ತುಂಬಿದಳು. ಅವನ ಬಾಟಲಿಯನ್ನು ಮರೆಯಲು ಬಿಡದೆ ಮೇಲಿಟ್ಟಳು. ಯೂಸ್ಟೈನ್ ಮೆಟ್ಟಿಲು ಹತ್ತಿ ನಿಂತು, ಬಲೆಯೊಳಗೆ ತಲೆ ಹುದುಗಿಸಿದವರನ್ನೆಲ್ಲ ನೋಡಿ, "ಎಲ್ಲರಿಗೂ ಶುಭದಿನ!" ಎಂದು ಗಟ್ಟಿಯಾಗಿ ಕೂಗಿದ. ಅಂಥದ್ದು ಊರಿಗೆ ಹೊಸದು. ಲಾವ್ರಿಟ್ಸನ ಕೈಯಿಂದ ಒಂದು ಡಬ್ಬಿ ಬಿತ್ತು.

ಮನೆಯಲ್ಲಿ ಓಡ್ವರ್ ಬಾಗಿಲಲ್ಲೇ ನಿಂತಿದ್ದ. ಅವಳ ಕೈಯ ಚೀಲ ನೋಡಿ ಹೊಸ್ತಿಲ ಮೇಲೇ ಕೂತುಬಿಟ್ಟ. ಪೂರ್ತಿ ಕತೆ ಕೇಳುವಷ್ಟರಲ್ಲಿ ಅವನ ಕಣ್ಣು ಒದ್ದೆಯಾಗಿತ್ತು.

"ಸೋತು ಬಂದ್ರೆ ಒಳ್ಳೇದು ಅಂದೋರು ಯಾರೋ?" ಎಂದಳು ಬೋರ್ಗಿಲ್ಡ್.

"ನೀನೂ ಹೂಂ ಅಂದಿದ್ದೆ." ಅವನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ತಡವಿದ. ಇದ್ದಕ್ಕಿದ್ದಂತೆ ಅವನ ಮುಖ ಅರಳಿತು. "ಚೀಲ ನಮ್ಮ ಹತ್ರ ಇದೆ. ಇನ್ನು ಅವಳ ಬಟ್ಟೆ ಯಾವುದಕ್ಕೆ ತುಂಬ್ತಾರೆ? ಇಳಿಸೋ ಹಾಗೇ ಇಲ್ಲ!"

ಬಸ್ಸು ಓಡಿಸುವವನ ತರ್ಕ. ಬೋರ್ಗಿಲ್ಡ್ ಬೈದಳು, ಆದರೆ ಆಮೇಲಿನ ದಿನಗಳಲ್ಲಿ ಅವಳಿಗೂ ಅದೇ ಆಸರೆಯಾಯಿತು. ಮೇಷ್ಟ್ರು ಕಡೆಯ ದಿನದ ಕಡೆಯ ಗಳಿಗೆಯಲ್ಲೂ ಹೆಗಲ ಮೇಲೆ ಕೈಯಿಡಬಹುದೆಂದು ಅವಳಿಗೆ ಗೊತ್ತಿತ್ತು. ಹಾಗೆ ಇಳಿದವರನ್ನು ಅವಳೇ ತಂದಿದ್ದಳು. ಚೀಲ ಒಗೆದಳು, ಸಡಿಲಾಗಿದ್ದ ಹಿಡಿಕೆ ಹೊಲಿದಳು, ಒಲೆಯ ಪಕ್ಕ ಒಣಗಿಸಿದಳು. ಅದು ಮನೆಯಲ್ಲಿರುವಷ್ಟು ದಿನ ಮಗಳು ಕೆಳಗೆ ಕ್ಷೇಮವೆಂಬ ಲೆಕ್ಕ. ಫೋನು ರಿಂಗಾದಾಗಲೆಲ್ಲ ಗಂಡ ಹೆಂಡಿರಿಬ್ಬರೂ ಮೊದಲು ಚೀಲ ನೋಡುತ್ತಿದ್ದರು.

ತರಬೇತಿಯ ಕಡೆಯ ದಿನ ಬೆಳಿಗ್ಗೆ ಅದೇ ಎಳೆ ದನಿ.

"ಬೋರ್ಗಿಲ್ಡ್, ಲಾಂಚು ಬೇಕಿತ್ತು. ದೀಪಸ್ತಂಭದ ಹತ್ರಾನೇ. ಮತ್ತೆ, ಸುನ್ನಿವಳ ಚೀಲ ನಿಮ್ಮನೇಲಿ ಇದೆಯಂತಲ್ಲ? ಅದನ್ನ ತರ್ಬೇಕಂತೆ."

"ಯಾರಂದ್ರು?"

"ಮೇಲಿನೋರು."

ಓಡ್ವರ್ ಕಾಫಿ ಲೋಟ ಕೆಳಗಿಟ್ಟ. ಒಲೆಯ ಪಕ್ಕದಿಂದ ಚೀಲ ತಂದು ಅವನೇ ಅವಳ ಕೈಗೆ ಕೊಟ್ಟ. ಯಾರೋ ಬಟ್ಟೆ ತುಂಬಲು ಕಾಯುತ್ತಿದ್ದಾರೆ, ಚೀಲವಿಲ್ಲದೆ ಕೆಲಸ ನಿಂತಿದೆ ಎನ್ನುವುದನ್ನು ಇಬ್ಬರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಅವಳ ಜೊತೆ ಧಕ್ಕೆಯವರೆಗೂ ನಡೆದು ಬಂದ, ಮುಖ ಹಸಿರಾಗುವವರೆಗೂ ಅಲ್ಲೇ ನಿಂತ.

ಧಕ್ಕೆಯ ಮೇಲೆ ಒಬ್ಬ ಎತ್ತರದ ಹೆಂಗಸು ಕಾಯುತ್ತಿದ್ದಳು. ತೋಳಿನ ಮೇಲೆ ದಪ್ಪ ಚಿನ್ನದ ಪಟ್ಟಿ. ಊರಿನವರಿಗೆ ಫಜೀತಿಯಾಗಿತ್ತು; ಬರುವವರಿಗೆ ಕುರುಡಾಗಿ ಗೊತ್ತೇ ಹೊರತು ಹೋಗುವವರಿಗೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಅರ್ಧ ಜನ ಬೆನ್ನು ತಿರುಗಿಸಿದರು, ಅರ್ಧ ಜನ ಟೋಪಿ ತೆಗೆದರು.

"ಅದೇ ಲಾಂಚು" ಎಂದಳು ಹೆರ್ಡಿಸ್.

"ಅದೇ. ಎಂಜಿನ್ನು ಬೇರೆ. ಹತ್ತು, ಕಾಲಿಗೆ ಜಾರುತ್ತೆ ನೋಡ್ಕೋ" ಎಂದಳು ಬೋರ್ಗಿಲ್ಡ್. ರಾಜ ಬಂದರೂ ಅವಳಿಗೆ 'ನೀನು' ಎನ್ನುವುದೇ ಅಭ್ಯಾಸ. ಇನ್ನು ಕಮೋಡೋರ್ ಯಾವ ಲೆಕ್ಕ?

ಹೆರ್ಡಿಸ್ ಹೋಗಿ ಅದೇ ಬೆಂಚಿನಲ್ಲಿ ಕೂತಳು. ಈಗ ಮುಖ ಕಡಲಿನ ಕಡೆಗಿತ್ತು. ಚೀಲ ಅವರಿಬ್ಬರ ನಡುವೆ ನೆಲದ ಮೇಲಿತ್ತು. ಬೋರ್ಗಿಲ್ಡ್ ಕಾಫಿ ಕೊಟ್ಟಳು, ಮೊಟ್ಟೆ ಕೊಟ್ಟಳು, ಚುಕ್ಕಾಣಿ ಹಿಡಿದು ನೇರ ಮುಂದೆ ನೋಡಿದಳು.

"ನನ್ನ ಬಾಟಲಿ ಇಲ್ಲೇ ಮರೆತು ಹೋಗಿದ್ದೆ. ಇನ್ನೂ ಇದೆಯಾ?" ಎಂದಳು ಹೆರ್ಡಿಸ್.

"ಇಲ್ಲ. ಕಿಟಕಿ ಒರೆಸೋಕೆ ತಗೊಂಡೆ."

"ವಿಸ್ಕೀನಾ?"

"ಹಿಮ ಕಟ್ಕೊಂಡಿತ್ತು. ಬೇರೇನೂ ಕೈಗೆ ಸಿಗ್ಲಿಲ್ಲ. ಚೆನ್ನಾಗಿ ಹೋಯ್ತು."

ಹೆರ್ಡಿಸ್ ಎಷ್ಟು ಹೊತ್ತು ನಕ್ಕಳೆಂದರೆ ಕಾಫಿ ತುಳುಕಿತು. "ಇಪ್ಪತ್ತು ವರ್ಷದಿಂದ ನಾನು ಅದನ್ನ ಇಲ್ಲಿ ಯಾರೋ ಜೋಪಾನ ಮಾಡಿಟ್ಟಿದ್ದಾರೆ ಅಂದ್ಕೊಂಡಿದ್ದೆ." ಕಣ್ಣೊರೆಸಿಕೊಂಡು, "ಅವತ್ತು ನೀವು ಏನೂ ಕೇಳ್ಲಿಲ್ಲ. ದೊಡ್ಡ ಉಪಕಾರ ಆಯ್ತು. ಆಮೇಲೆ ಒಂದು ವರ್ಷ ಸಿಕ್ಕಿದೋರೆಲ್ಲ ಕೇಳೋರೇ" ಎಂದಳು.

"ಮಗಳು ಕೇಳಿದ್ಳಲ್ಲ."

"ಅವಳು ಮೊಟ್ಟೆ ಕೊಟ್ಳು." ಹೆರ್ಡಿಸ್ ಚೀಲದ ಹಿಡಿಕೆಯ ದಾರವನ್ನು ನೋಡಿದಳು. "ಈಗ ಅಧಿಕಾರಿಗಳನ್ನ ಆರಿಸೋ ಮಂಡಳೀಲಿ ನಾನೇ ಕೂತ್ಕೋತೀನಿ. ಮೊದಲು ಅಲ್ಲೊಬ್ಬರಿದ್ರು, ಹೆಣ್ಮಕ್ಕಳು ಬಂದ್ರೆ ಸಾಕು, 'ಮನೇಲಿ ಮಕ್ಕಳನ್ನ ಯಾರು ನೋಡ್ಕೋತಾರೆ' ಅಂತ ಕೇಳೋರು. ತೆಗೆದುಹಾಕಿ ಆ ಪ್ರಶ್ನೇನ ಅಂದ್ರು ಎಲ್ಲರೂ. ನಾನು ತೆಗೀಲಿಲ್ಲ. ಗಂಡಸರಿಗೂ ಕೇಳ್ಸಿದೆ. ಹೇಗೆ ಬೆವರ್ತಾರೆ ಗೊತ್ತಾ? ಒಬ್ಬನಿಗೆ ಮಗಳ ಶಾಲೆ ಯಾವುದು ಅಂತಾನೇ ಗೊತ್ತಿರ್ಲಿಲ್ಲ."

"ಅವನನ್ನ ಆರಿಸಿದ್ಯಾ?"

"ಮನೆಗೆ ಹೋಗಿ ತಿಳ್ಕೊಂಡು ಬಾ ಅಂದೆ. ಮುಂದಿನ ವರ್ಷ ಬಂದ. ಆರಿಸ್ದೆ."

ದೀಪಸ್ತಂಭ ಎಡಕ್ಕೆ ಸರಿಯಿತು. ಮುಂದೆ ಆ ಕಪ್ಪು ಬೆನ್ನು ಕಂಡಿತು. ಬೋರ್ಗಿಲ್ಡ್ ಲಾಂಚಿನ ವೇಗ ತಗ್ಗಿಸಿದಳು.

"ನಿಮಗೆ ಕೇಳ್ಬೇಕು ಅನ್ನಿಸ್ತಿಲ್ವಾ?" ಎಂದಳು ಹೆರ್ಡಿಸ್, ಮೆತ್ತಗೆ.

"ಅನ್ನಿಸ್ದೆ ಏನು. ಪ್ರಾಣ ಹೋಗ್ತಿದೆ."

"ಅವಳಿಗೆ ಮೇಷ್ಟ್ರು ಹೇಳೋ ಮುಂಚೆ ನಾನು ಬೇರೆಯೋರಿಗೆ ಹೇಳೋ ಹಾಗಿಲ್ಲ. ಅಮ್ಮನಿಗೂ ಇಲ್ಲ."

"ಹೇಳ್ಬೇಡ. ನಾನು ಕೇಳಿದ್ನಾ?"

ಲಾಂಚು ಪಕ್ಕಕ್ಕೆ ಬಂತು. ಗೋಪುರದ ಮೇಲೆ ನರೆತ ತಲೆಯ ಮೇಷ್ಟ್ರು ನಿಂತಿದ್ದರು. ಹೆರ್ಡಿಸಳನ್ನು ನೋಡಿ ಟೋಪಿ ತೆಗೆದು ಮೇಲೆತ್ತಿದರು. ಸುನ್ನಿವಳಿಗೆ ಹೇಳಿ ಆಯಿತೆಂಬ ಗುರುತು ಅದು. ಹೆರ್ಡಿಸ್ ಎದ್ದು ನಿಂತಳು. ಮುಚ್ಚಳದಿಂದ ಸುನ್ನಿವ ಹೊರಬಂದಳು. ಕೆದರಿದ ಕೂದಲು, ಕಣ್ಣಿನ ಕೆಳಗೆ ಕಪ್ಪು. ಅವಳ ಮುಖದಲ್ಲಿ ಏನಿದೆಯೆಂದು ಓದಲು ಬೋರ್ಗಿಲ್ಡ್ ನೋಡಿದಳು. ಬರೀ ಸುಸ್ತು ಕಂಡಿತು. ಮಗಳ ಹಿಂದೆ ಯಾರೂ ಬಾಟಲಿ ಹಿಡಿದು ಬರಲಿಲ್ಲ. ಬರಬಹುದು, ಇನ್ನೂ ಹೊತ್ತಿದೆ ಎಂದುಕೊಂಡಳು.

ಸುನ್ನಿವ ಡೆಕ್ಕಿನ ಅಂಚಿಗೆ ಬಂದು ಮಂಡಿಯೂರಿದಳು.

ಬೋರ್ಗಿಲ್ಡ್ ರೂಢಿಯಂತೆ ಬೆಂಚಿನ ಮೇಲಿದ್ದ ಲೋಟ ಸರಿಸಿ, ಕೂರುವವರಿಗೆ ಜಾಗ ಮಾಡಿದಳು.

"ಮೇಲೆ ಹತ್ತೋಳು ನಾನು" ಎಂದಳು ಹೆರ್ಡಿಸ್. "ಮೊದಲು ಚೀಲ ಮೇಲಕ್ಕೆ ಕೊಡಿ."

"ಮೇಲಕ್ಕಾ?"

"ಮೇಲಕ್ಕೇ. ಸುನ್ನಿವ ಕ್ಯಾಪ್ಟನ್ ಕೋಣೆಗೆ ಸಾಮಾನು ಸಾಗಿಸ್ಬೇಕು, ಅವಳ ಹತ್ರ ಚೀಲ ಇಲ್ಲ."

ಆ ಲಾಂಚಿನಿಂದ ಮೇಲಕ್ಕೆ ಹೋದ ಚೀಲವೆಂದರೆ ಅದೊಂದೇ. ಬೋರ್ಗಿಲ್ಡ್ ಅದನ್ನು ಎರಡು ಕೈಯಲ್ಲಿ ಎತ್ತಿದಳು. ಖಾಲಿ ಚೀಲ, ಏನೂ ಭಾರವಿರಲಿಲ್ಲ. ಮೇಲಿನಿಂದ ಸುನ್ನಿವ ಕೆಂಪು ದಾರದ ಹಿಡಿಕೆಗೆ ಕೈ ಹಾಕಿದಳು. ಇಬ್ಬರೂ ಹಿಡಿದೇ ಇದ್ದರು. ಅಲೆಗೆ ಲಾಂಚು ಒಮ್ಮೆ ಏರಿತು, ಒಮ್ಮೆ ಇಳಿಯಿತು.

"ಒಗೆದಿದ್ದೀಯಾ?" ಎಂದಳು ಸುನ್ನಿವ.

"ಹೊಲಿದೂ ಇದ್ದೀನಿ."

"ಅಮ್ಮ, ಬಿಡು."

ಬೋರ್ಗಿಲ್ಡ್ ಬಿಟ್ಟಳು.